ಜಾಲಿಂಗೆ ಇಂಟರ್‌ಲಾಕ್, ಅಡಿಗೆಕೋಣಗೆ ಬಾಲ್ದಿ

ಅಕ್ಕಂದ್ರೇ, ತಂಗೆಕ್ಕಳೇ, ನೆರೆಕರೆಯ ಅತ್ತೆಕ್ಕಳೇ, ಇಂದು ರಜ್ಜ ಖಾರ ಮಾತಾಡ್ತೆ. ಬೇಜಾರ ಮಾಡೆಡಿ.

ನಮ್ಮ ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಹೊಡೆಲಿ ಈಗ ಒಂದು ಕ್ರಮ ಸುರು ಆಯಿದು. ಮದುವೆ ಆಗಿ ನಾಕೈದು ವರ್ಷ ಬಾಡಿಗೆ ಮನೆಲಿ ಕೂದ ಜವ್ವನಿಗರು ಪೈಸೆ ಒಟ್ಟುಮಾಡಿ, ಸಾಲ ತೆಗದು, ಹತ್ತು ಸೆಂಟ್ಸು ಜಾಗೆ ಇಪ್ಪ ಒಂದು ಹಳೆ ಹಂಚಿನ ಮನೆ ತೆಕ್ಕೊಳ್ತವು. ಅದು ಒಳ್ಳೆದೇ. ಹೊಸತ್ತು ಕಟ್ಟುಲೆ ಎಡಿಯದ್ದವಕ್ಕೆ ಸ್ವಂತ ಮನೆ ಅಪ್ಪಲೆ ಇಪ್ಪ ದಾರಿ ಅದುವೇ.

ಎನ್ನ ಜಗಳ ಇಪ್ಪದು ಮತ್ತಾಣ ಖರ್ಚಿನ ಮೇಗೆ. ಮದಾಲು ಕಂಪೌಂಡು, ಗೇಟು. ಮತ್ತೆ ಜಾಲಿಂಗೆ ಇಂಟರ್‌ಲಾಕ್. ಮತ್ತೆ ಚಾವಡಿಗೆ ಫಾಲ್ಸ್ ಸೀಲಿಂಗು. ಅಷ್ಟಪ್ಪಗ ಪೈಸೆ ಮುಗುದತ್ತು. ಒಕ್ಕಲಿನ ದಿನ ಫೋಟೋ ಎಲ್ಲ ಭಾರೀ ಚೆಂದಕ್ಕೆ ಬತ್ತು. ಜೂನಿಲಿ ಮಳೆ ಹಿಡುದಪ್ಪಗ ಒಲೆಯ ಹತ್ತರೆ ಒಂದು ಬಾಲ್ದಿ, ಉಗ್ರಾಣಲ್ಲಿ ಒಂದು, ಮಕ್ಕೊ ಒರಗುವಲ್ಲಿ ಇನ್ನೊಂದು!

ಹಳೆ ಮನಗೆ ಹಾಕುವ ಪೈಸೆ ಮದಾಲು ಮಾಡಿಂಗೆ ಹೋಯೆಕ್ಕು. ಮತ್ತೆ ಕರೆಂಟಿಂಗೆ, ಅಡಿಗೆಕೋಣಗೆ, ನೀರಿಂಗೆ. ಬಂದವರ ಕಣ್ಣಿಂಗೆ ಕಾಂಬದು ಅಕೇರಿಗೆ. ಇದು ಎನ್ನ ವಾದ.

ಪೈಸೆ ಆರದ್ದು ಹೇಳಿಯೂ ಒಂದರಿ ನೋಡುವೊ°. ಸಾಲ ಸಾಕಾಗದ್ದಪ್ಪಗ ಅಡವಿಂಗೆ ಹೋಪದು ಹೆಮ್ಮಕ್ಕಳ ಬಳೆ, ಅವಲಕ್ಕಿ ಸರ. ಅಪ್ಪನ ಮನೆಂದ ಬಂದ ಚಿನ್ನ ಬ್ಯಾಂಕಿಲಿ ಇದ್ದು, ಆ ಪೈಸೆಯ ಹೇಂಗೆ ಖರ್ಚು ಮಾಡುದು ಹೇಳಿ ಚಾವಡಿಲಿ ಕೂದು ಮಾತಾಡುವಗ ಚಿನ್ನ ಕೊಟ್ಟ ಹೆಣ್ಣು ಚಾಯ ಮಾಡ್ಲೆ ಒಳ ಹೋಯೆಕ್ಕು! ಸ್ತ್ರೀಧನ ಹೆಣ್ಣಿನ ಸ್ವಂತ ಸೊತ್ತು ಹೇಳಿ ಸುಪ್ರೀಂ ಕೋರ್ಟು 1985ರಲ್ಲೇ ಪ್ರತಿಭಾ ರಾಣಿ ಮೊಕದ್ದಮೆಲಿ ಹೇಳಿದ್ದು. ಸೊತ್ತು ನಿಂಗಳದ್ದು ಆದ ಮತ್ತೆ ಆ ಲೆಕ್ಕಾಚಾರಲ್ಲಿಯೂ ನಿಂಗೊಗೆ ಒಂದು ಮಣೆ ಬೇಕು.

ಸುರುವಿಂಗೆ ಮಾಡಿನ ವಿಷಯ. ನಮ್ಮ ಜಿಲ್ಲೆಗೆ ವರ್ಷಕ್ಕೆ ಹೆಚ್ಚುಕಮ್ಮಿ 4,000 ಮಿಲಿಮೀಟರು ಮಳೆ ಬತ್ತು. ಇಲ್ಲಿ ಮನೆ ಮಾಡೆಕ್ಕಾದ ಮದಲಾಣ ಕೆಲಸ ಆ ನೀರಿನ ಜಾರ್ಸಿ ದೂರ ಕಳುಸುದು. ನಮ್ಮ ಸಾವಿರ ಕಂಬದ ಬಸದಿಯ ನೋಡಿ, 1430ರದ್ದು. ಮೇಗಂದ ಮೇಗೆ ಇಳಿಜಾರು ಮಾಡು. ಕಂಬ ನೋಡ್ಲೆ ಎಲ್ಲೆಲ್ಲಿಂದಲೋ ಜನ ಬತ್ತವು. ಆದರೆ ಆ ಕಂಬಂಗಳ ಇಷ್ಟು ಮಳೆಗಾಲ ಕಾದ್ದು ಮೇಗಾಣ ಮಾಡು.

ನಮ್ಮ ಹಂಚಿನ ಮನೆದೂ ಅದೇ ಕತೆ. ಬಾಸೆಲ್ ಮಿಷನಿನವು ಮಂಗಳೂರಿಲಿ ಹಂಚಿನ ಕಾರ್ಖಾನೆ ಸುರು ಮಾಡಿದ್ದು 1865ರಲ್ಲಿ. ಆ ಹಂಚಿನ ದೊಡ್ಡ ಗುಣ ಎಂತರ ಹೇಳಿರೆ, ಒಂದು ಒಡದರೆ ಒಂದನ್ನೇ ಬದಲ್ಸಿರೆ ಸಾಕು. ತಾರಸಿ ಬಿರುಕು ಬಿಟ್ಟರೆ ನೀರು ಇಳಿವದು ಒಂದು ಕಡೆ, ಕಾಂಬದು ಇನ್ನೊಂದು ಕಡೆ. ಹುಡ್ಕುಲೇ ಎರಡು ಮಳೆಗಾಲ ಬೇಕು.

"ಹಂಚು ತೆಗದು ತಾರಸಿ ಹಾಕ್ಸಿ ಬಿಡಿ, ಒಂದರಿಯಂಗೆ ಮುಗಿತ್ತು" ಹೇಳಿ ಕಂಟ್ರಾಕ್ಟಿನವು ಹೇಳ್ತವು. ಮುಗಿತ್ತೊ? ಮೂಡುಬಿದಿರೆಂದ ವೇಣೂರಿಂಗೆ ಬಸ್ಸಿಲಿ ಹೋಪಗ ಹೆರ ನೋಡಿ: ತಾರಸಿ ಮನೆ, ಅದರ ಮೇಗೆ ಕಬ್ಬಿಣದ ಕಂಬ, ಅದರ ಮೇಗೆ ತಗಡಿನ ಶೀಟು. ಸೋರ್ತು ಹೇಳಿ ಕೆಲವು ಜನ, ಸೆಕೆ ತಡೆಯ ಹೇಳಿ ಕೆಲವು ಜನ, ಅಡಕ್ಕೆ ಒಣಗುಸುಲೆ ಹೇಳಿ ಕೆಲವು ಜನ. ತೋಟ ಇಪ್ಪವಕ್ಕೆ ಅದು ಬೇಕಾದ್ದೇ. ಹತ್ತು ಸೆಂಟ್ಸಿಲಿ ನಾಕು ಅಡಕ್ಕೆ ಮರ ಇಪ್ಪವಕ್ಕೆ ಎಂತಕೆ? ಹಂಚು ತೆಗವಲೆ ಒಂದರಿ ಪೈಸೆ, ತಾರಸಿಗೆ ಒಂದರಿ, ಶೀಟಿಂಗೆ ಮತ್ತೊಂದರಿ. ಒಂದು ತಲಗೆ ಎಷ್ಟು ಕೊಡೆ?

ಹಂಚಿನ ಮನೆಲಿ ಕಷ್ಟವೇ ಇಲ್ಲೆ ಹೇಳಿ ಆನು ಹೇಳ್ತಿಲ್ಲೆ. ಮಂಗಂಗೊ ಹಂಚು ಒಡೆತ್ತವು. ಮಾಡಿಂಗೆ ಹತ್ತುವ ಜನ ಸಿಕ್ಕುದು ಕಷ್ಟ. ಪಕ್ಕಾಸಿಂಗೆ, ರೀಪಿಂಗೆ ಒರಳೆ ಹಿಡಿತ್ತು. ಆದರೆ ಅದಕ್ಕೆ ಮನೆಯನ್ನೇ ಹೊಡಿ ಮಾಡೆಕ್ಕು ಹೇಳಿ ಇಲ್ಲೆ. ಕುಂಬಾದ ಮರವ ತೆಗದು ಆ ಜಾಗೆಗೆ ಕಬ್ಬಿಣದ ಚೌಕ ಪೈಪು ಹಾಕ್ಸಿ, ಅದೇ ಹಂಚಿನ ತೊಳದು ಪುನಃ ಹೊದೆಸುಲಕ್ಕು. ಕಮ್ಮಿ ಬಿದ್ದ ಹಂಚಿನ ಹಳೆ ಮನೆ ಬಿಚ್ಚುವಲ್ಲಿ ಕೇಳಿ ತನ್ನಿ. ತಪ್ಪಗ ಹಂಚಿನ ಅಡಿಲಿಪ್ಪ ಕಾರ್ಖಾನೆಯ ಹೆಸರು ನೋಡಿಗೊಳ್ಳಿ. ಬೇರೆಬೇರೆ ಕಾರ್ಖಾನೆಯ ಹಂಚು ಒಂದಕ್ಕೊಂದು ಸರಿ ಕೂರ್ತಿಲ್ಲೆ, ಆ ಸಂದಿಲಿಯೇ ನೀರು ಇಳಿವದು. ಕಸ್ತಲೆ ಅಡಿಗೆಕೋಣಗೆ ಎರಡು ಕನ್ನಾಟಿ ಹಂಚು ಹಾಕಿರೆ ಹಗಲು ಲೈಟು ಬೇಡ. ಪಂಚಾಂಗವೇ ಕುಸುದು ಗೋಡೆ ಬಿರುಕು ಬಿಟ್ಟಿದ್ದರೆ ಅದು ಬೇರೆ ಮಾತು. ಅಂತಾ ಮನೆಯ ಮದಾಲು ಇಂಜಿನಿಯರಿಂಗೆ ತೋರ್ಸಿ, ಪೇಂಟು ಬಳುದು ಮುಚ್ಚೆಡಿ.

ಪೇಂಟು ಹೇಳುವಗ ಗೋಡೆ ನೆಂಪಾತು. ಹಳೆ ಮುರಕಲ್ಲಿನ ಗೋಡೆ ಮಳೆಗಾಲಲ್ಲಿ ತೇವ ಎಳಕ್ಕೊಳ್ತು, ಬೇಸಗೆಲಿ ಹೆರ ಬಿಡ್ತು. ಅದಕ್ಕೆ ಸಿಮೆಂಟು ಸಾರಣೆ, ಪುಟ್ಟಿ, ಪ್ಲಾಸ್ಟಿಕ್ ಪೇಂಟು ಎಲ್ಲ ಹಾಕಿ ಉಸುಲು ಕಟ್ಟಿರೆ, ರಜ್ಜ ಸಮಯಲ್ಲಿ ಹಪ್ಪಳದ ಹಾಂಗೆ ಏಳ್ತು. ಸುಣ್ಣ ಬಳುದರೆ ಖರ್ಚೂ ಕಮ್ಮಿ, ಗೋಡೆಗೂ ಹಿತ. ಸುಣ್ಣ ಬಳುದ ಮನೆ ಬಡವರದ್ದು ಹೇಳಿ ಕಲಿಶಿದ್ದು ಆರು?

ಎರಡ್ನೇದು ವಯರಿಂಗು. ಗ್ರೈಂಡರಿನ ಮುಟ್ಟಿಯಪ್ಪಗ ಕೈ ಜುಂ ಹೇಳ್ತು ಹೇಳಿ ಎಷ್ಟೋ ಜನ ನೆಗೆ ಮಾಡಿಗೊಂಡು ಹೇಳ್ತವು. ಅದು ನೆಗೆ ಮಾಡುವ ವಿಷಯ ಅಲ್ಲ. ಪಂಪು, ಗ್ರೈಂಡರು, ವಾಷಿಂಗ್ ಮೆಶಿನು, ಇದರ ಎಲ್ಲ ಚೆಂಡಿ ಕೈಲಿ ಮುಟ್ಟುದು ಆರು? ಸರಿಯಾದ ಅರ್ತಿಂಗು, ಕರೆಂಟು ಸೋರಿದ ಕೂಡ್ಲೆ ತೆಗವ ಆರ್‌ಸಿಸಿಬಿ ಸ್ವಿಚ್ಚು, ಇದು ಎರಡೂ ಫಾಲ್ಸ್ ಸೀಲಿಂಗಿನ ಬಣ್ಣದ ಲೈಟಿಂದ ಮದಲು ಬರೆಕ್ಕು. ಮಕ್ಕೊ ಇಪ್ಪ ಮನೆಲಿ ಇದರ ಮುಂದೆ ಹಾಕಿದವಕ್ಕೆ ಆನು ಮಾತಿಲಿಯೂ ಬಿಡೆ.

ಮೂರ್ನೇದು ಅಡಿಗೆಕೋಣೆ. ಚಾವಡಿಗೆ ನೆಂಟ್ರು ಬಪ್ಪದು ತಿಂಗಳಿಂಗೆ ನಾಕು ದಿನ. ಅಡಿಗೆಕೋಣೆಲಿ ನಿಂಗೊ ನಿಂಬದು ದಿನಕ್ಕೆ ಐದಾರು ಗಂಟೆ. ಹಾಂಗಾರೆ ಹೊಗೆ ಹೆರ ಹೋಪಲೆ ಒಂದು ದಾರಿ, ಸೊಂಟಕ್ಕೆ ಸರಿ ಅಪ್ಪ ಎತ್ತರದ ಕಟ್ಟೆ, ಪಾತ್ರ ತೊಳವಲ್ಲಿ ನೀರು ನಿಲ್ಲದ್ದ ಹಾಂಗೆ ಓಡು, ಇದಕ್ಕೆ ಪೈಸೆ ಇಲ್ಲೆ ಹೇಳುದು ಎಂತ ನ್ಯಾಯ? ಸೊಂಟ ಬೇನೆಯ ಮದ್ದಿಂಗೆ ಮತ್ತೆ ಕೊಡುವ ಪೈಸೆಯ ಆರೂ ಮನೆ ಲೆಕ್ಕಕ್ಕೆ ಬರೆತ್ತವಿಲ್ಲೆ.

ಇನ್ನು ಜಾಲು. ಸಾವಿರ ಚದರಡಿ ಜಾಲಿಂಗೆ ವರ್ಷಕ್ಕೆ ಬೀಳುವ ಮಳೆನೀರು ಎಷ್ಟು ಗೊಂತಿದ್ದೊ? 4,000 ಮಿಲಿಮೀಟರಿನ ಲೆಕ್ಕಲ್ಲಿ ಸುಮಾರು 3.7 ಲಕ್ಷ ಲೀಟರು. 10,000 ಲೀಟರಿನ ಟ್ಯಾಂಕರಿಲಿ 37 ಲೋಡು. ಇಂಟರ್‌ಲಾಕ್ ಹಾಕಿ, ಸಂದಿಗೆ ಸಿಮೆಂಟು ತುಂಬ್ಸಿ, ಆ ನೀರಿನ ಮಾರ್ಗಕ್ಕೆ ಬಿಡುದು. ಎಪ್ರಿಲಿಲಿ ಬಾವಿ ತಳ ಕಂಡಪ್ಪಗ ಅದೇ ಮಾರ್ಗಲ್ಲಿ ಟ್ಯಾಂಕರು ಬಪ್ಪದು. 18 ಬಸದಿ, 18 ದೇವಸ್ಥಾನ, 18 ಕೆರೆ ಹೇಳಿ ಹೆಸರು ಹೋದ ಊರಿಲಿ ನೀರಿಂಗೆ ಫೋನು ಮಾಡುದು! ಬಿದ್ದ ಮಳೆಯ ಇಂಗುಸುವ ವಿಷಯಲ್ಲಿ 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆಯವು ಎಷ್ಟು ವರ್ಷಂದ ಬರೆತ್ತಾ ಇದ್ದವು. ಪೇಪರು ಓದಿ ಅಪ್ಪಪ್ಪು ಹೇಳಿ ತಲೆ ಆಡುಸುದು, ಮರದಿನ ಜಾಲಿಂಗೆ ಕಲ್ಲು ಹಾಸುದು.

"ಹಾಂಗಾರೆ ಮಳೆಗಾಲಲ್ಲಿ ಕೆಸರು ಮೆಟ್ಟೆಕ್ಕೊ?" ಹೇಳಿ ಕೇಳುವಿ. ಬೇಡ. ಗೇಟಿಂದ ಜಗಲಿವರೆಗೆ, ಜಗಲಿಂದ ಬಾವಿವರೆಗೆ ಮುರಕಲ್ಲು ಹಾಸಿ, ನೆಡವಲೆ ಅಷ್ಟು ಸಾಕು. ಗೋಡೆ ಬುಡಲ್ಲಿ ನೀರು ನಿಲ್ಲದ್ದ ಹಾಂಗೆ ಹೆರಂಗೆ ಇಳಿಜಾರು ಮಾಡಿ. ಒಳುದ ಜಾಗೆಲಿ ಮಣ್ಣು ಇರಳಿ. ಮಾಡಿನ ನೀರಿನ ಪೈಪಿಲಿ ತಂದು, ಗೋಡೆಂದ ದೂರ ಒಂದು ಇಂಗುಗುಂಡಿಗೆ ಬಿಡಿ.

ಗೆಡುಗಳ ವಿಷಯಲ್ಲಿಯೂ ಇದೇ ಮರುಳು. ನರ್ಸರಿಂದ ಲಾನು, ಪಾಮು ತಪ್ಪದು. ಬೇನ್ಸೊಪ್ಪಿನ ಅಂಗಡಿಂದ ಪ್ಲಾಸ್ಟಿಕ್ ತೊಟ್ಟೆಲಿ ತಪ್ಪದು! ಬಸಳೆ, ಸಾಂಬ್ರಾಣಿ, ದಾಸನ, ನುಗ್ಗೆ, ಇದಕ್ಕೆಲ್ಲ ನೆರೆಕರೆಯ ಮನೆಂದ ಒಂದು ಗೆಲ್ಲು ಸಾಕು. ಕೇಳಿರೆ ಆರೂ ಇಲ್ಲೆ ಹೇಳವು. ಪಾತ್ರ ತೊಳದ ನೀರು ಹೋಪಲ್ಲಿ ನಾಕು ಬಾಳೆ, ಒಂದು ಸಾಲು ಕೆಸವು ನೆಟ್ಟರೆ ಹಿತ್ತಿಲು ಆತು. ಪೈಸೆ ಬೇಡ, ಎರಡು ಮಳೆಗಾಲದ ತಾಳ್ಮೆ ಬೇಕು.

"ಜನ ಎಂತ ಹೇಳುಗು?" ಹೇಳುದು ಅಕೇರಿಯಾಣ ಪ್ರಶ್ನೆ. ಜನ ಹೇಳುಗು. ಗೇಟು ಹಳತ್ತು ಹೇಳುಗು, ಜಾಲಿಲಿ ಹುಲ್ಲು ಇದ್ದು ಹೇಳುಗು. ಕಾಪಿ ಕುಡುದು ಮನಗೆ ಹೋಕು. ಸಾಲದ ಕಂತಿನ ಅವು ಕಟ್ಟವು, ರಾತ್ರಿ ಎದ್ದು ಬಾಲ್ದಿಯ ಅವು ಖಾಲಿ ಮಾಡವು.

ಹಾಂಗಾಗಿ ಈ ಸರ್ತಿ ರಿಪೇರಿಯ ಲೆಕ್ಕ ಬರವಗ ಪೆನ್ನು ನಿಂಗಳ ಕೈಲಿ ಇರಳಿ. ಸುರುವಾಣ ಗೆರೆಲಿ ಮಾಡು, ಅದರ ಕೆಲಸ ಪತ್ತನಾಜೆಗೆ ಮದಲೇ ಮುಗಿಯೆಕ್ಕು. ಅದರಿಂದ ಕೆಳ ವಯರಿಂಗು, ಮತ್ತೆ ಅಡಿಗೆಕೋಣೆ, ಮತ್ತೆ ನೀರು. ಹತ್ತರಲ್ಲಿ ಒಂದು ಪಾಲು ಮುಟ್ಟದ್ದೆ ಮಡುಗಿ, ಹಳೆ ಮನೆಯ ಹುಳುಕು ಬಿಚ್ಚಿದ ಮತ್ತೆಯೇ ಗೊಂತಪ್ಪದು. ಇಷ್ಟೆಲ್ಲ ಆಗಿ ಒಳುದರೆ ಅಡವಿಲಿಪ್ಪ ಬಳೆ ಬಿಡ್ಸಿ. ಗೇಟು ಮುಂದಾಣ ವರ್ಷಕ್ಕೆ ಅಕ್ಕು. ಹೊಸ ಗೇಟು ಇಲ್ಲದ್ದೆ ಆರೂ ಚೆಂಡಿ ಆವುತ್ತವಿಲ್ಲೆ.