ನಿರೋಧ ಎಂಬ ಹೆಸರಿನ ಅರ್ಧ ಅರ್ಥ

ಕಾಂಡೋಮನ್ನು ಅಗ್ಗದ ಬೆಲೆಗೆ ಕಿರಾಣಿ ಮತ್ತು ಬೀಡಾ ಅಂಗಡಿಗಳಿಗೆ ತಲುಪಿಸುವ ಯೋಜನೆಯನ್ನು ಭಾರತ ಸರ್ಕಾರ 1968ರಲ್ಲಿ ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರು 'ನಿರೋಧ್'. ಯೋಗಶಾಸ್ತ್ರದಲ್ಲಿ ಮನೋವೃತ್ತಿಗಳ ತಡೆಯನ್ನು ಸೂಚಿಸುತ್ತಿದ್ದ ಪದ ಹೀಗೆ ಅಂಗಡಿಯ ಕಪಾಟಿಗೆ ಇಳಿಯಿತು. ಅರ್ಥಸಂಕೋಚಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ. ಆಗಿನ ಯೋಜನೆಗೆ ತಡೆಯಬೇಕಾಗಿದ್ದುದು ಜನನ ಮಾತ್ರ. ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದರಾಸಿನಲ್ಲಿ. ಸಿಫಿಲಿಸ್, ಗೊನೊರಿಯಾಗಳು ಅದಕ್ಕೂ ಹಿಂದಿನಿಂದಲೇ ಇದ್ದವು. ಆದರೆ ಅವು 'ಗುಪ್ತರೋಗ'ಗಳಾಗಿ ಮಾತಿನಿಂದ ಹೊರಗುಳಿದಿದ್ದವು.

ಕಾಸರಗೋಡಿನ ಕನ್ನಡಿಗರು ಮಲಯಾಳದಲ್ಲಿ ಕಾಣುವ ಹೆಸರು 'ಗರ್ಭನಿರೋಧನ ಉರ'. ಈ 'ಉರ' ಕನ್ನಡದಲ್ಲಿ ಕತ್ತಿಯ 'ಒರೆ'ಗೆ ದಾಯಾದಿ. ವಸ್ತುವಿಗೆ ಚೆನ್ನಾಗಿಯೇ ಒಪ್ಪುತ್ತದೆ. ತೊಡಕಿರುವುದು ವಿಶೇಷಣದಲ್ಲಿ. 'ಗರ್ಭನಿರೋಧಕ' ಎಂದೊಡನೆ ಕಾಂಡೋಮು ಮಾತ್ರೆ, ಕಾಪರ್-ಟಿ, ಸಂತಾನಹರಣ ಶಸ್ತ್ರಚಿಕಿತ್ಸೆಗಳ ಸಾಲಿನಲ್ಲಿ ನಿಲ್ಲುತ್ತದೆ. ಒಂದಿದ್ದರೆ ಇನ್ನೊಂದು ಬೇಡವೆಂಬ ಭಾವನೆ ಬರುತ್ತದೆ. ವಾಸ್ತವದಲ್ಲಿ ಈ ಸಾಲಿನಲ್ಲಿ ಸೋಂಕನ್ನೂ ತಡೆಯುವುದು ಪುರುಷರ ಮತ್ತು ಸ್ತ್ರೀಯರ ಕಾಂಡೋಮುಗಳು ಮಾತ್ರ.

ಇದು ಬರಿಯ ಪದಚರ್ಚೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 38ರಷ್ಟು ಮಂದಿ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ್ದಾರೆ. ಕಾಂಡೋಮ್ ಬಳಕೆ ಶೇ. 10ನ್ನೂ ಮುಟ್ಟಿಲ್ಲ. ಆಪರೇಷನ್ ಆದ ಹೆಣ್ಣುಮಗಳೊಬ್ಬಳು ದೂರದೂರಿನ ದುಡಿಮೆಯಿಂದ ಮರಳಿದ ಗಂಡನೊಡನೆ ಕಾಂಡೋಮಿನ ಮಾತೆತ್ತುವುದು ಹೇಗೆ? ಗರ್ಭದ ಭಯವಿದ್ದಾಗ ಅದನ್ನು ಕೇಳಲು ಅವಳಿಗೊಂದು ನೆಪವಾದರೂ ಇತ್ತು. ಈಗ ಕೇಳಿದರೆ ಅದು ಶಂಕೆ, ಅವನನ್ನೋ ಅವಳನ್ನೋ ಕುರಿತ ಆಪಾದನೆ. ಸೋಂಕಿನ ರಕ್ಷಣೆಯೂ ಆ ವಸ್ತುವಿನ ಸಹಜ ಕೆಲಸವೆಂದು ಭಾಷೆ ಮೊದಲಿನಿಂದ ಹೇಳಿದ್ದರೆ ಅವಳ ಮಾತು ಇಷ್ಟು ಭಾರವಾಗುತ್ತಿರಲಿಲ್ಲ.

ಪರಿಹಾರಕ್ಕಾಗಿ 'ದ್ವಿರಕ್ಷಕ'ದಂತಹ ಪದವನ್ನು ಟಂಕಿಸಬೇಕಾಗಿಲ್ಲ. ಅಂಥವು ಪಾರಿಭಾಷಿಕ ಕೋಶಗಳಲ್ಲಿ ಸುಖವಾಗಿ ನಿದ್ರಿಸುತ್ತವೆ. 'ಕಾಂಡೋಮ್' ಎಲ್ಲರಿಗೂ ತಿಳಿದ ಪದ. ಅದು ಯಾವ ಅರ್ಧವನ್ನೂ ಮರೆಮಾಚುವುದಿಲ್ಲ. ಬಿಡಬೇಕಾದದ್ದು 'ಗುಪ್ತರೋಗ'ವನ್ನು, ಆ ಸ್ಥಾನಕ್ಕೆ 'ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು' ಸಾಕು. ಉದ್ದವಾಯಿತೆಂಬ ಆಕ್ಷೇಪವಿರಬಹುದು, ಆದರೆ ಅದರಲ್ಲಿ ಅವಮಾನವಿಲ್ಲ. ಕನ್ನಡ ಐಚ್ಛಿಕ ಓದಿದವರ ಪಾಲಿಗೆ ಗಡಿನಾಡಿನಲ್ಲಿ ಆರೋಗ್ಯ ಕರಪತ್ರಗಳ ಅನುವಾದವೂ ಬರಬಹುದು. 'ಗರ್ಭನಿರೋಧನ ಉರ' ಎದುರಾದಾಗ ಒಂದು ವಾಕ್ಯವನ್ನು ಹೆಚ್ಚಾಗಿಯೇ ಬರೆಯಬೇಕು: ಶಸ್ತ್ರಚಿಕಿತ್ಸೆಯಾಗಿದ್ದರೂ ಸೋಂಕಿನಿಂದ ರಕ್ಷಣೆಗೆ ಕಾಂಡೋಮ್ ಬೇಕು. ಮುಚ್ಚದ ಚರ್ಮದಿಂದಲೂ ಹರಡಬಲ್ಲ ಹರ್ಪಿಸ್, ಎಚ್‌ಪಿವಿಗಳ ವಿಷಯದಲ್ಲಿ ಆ ರಕ್ಷಣೆ ಪೂರ್ಣವಲ್ಲವೆಂಬುದನ್ನೂ ಅಲ್ಲಿಯೇ ಸೇರಿಸಬೇಕು.