ಲ್ಯಾಬಿನ ಗೋಡೆಗೆ ಇನ್ನೊಂದು ಚಿತ್ರ ಬೇಕು

ವೈರಸ್ ಚಿತ್ರ ಬಿಡಿಸಿ ಎಂದರೆ ನಾವೆಲ್ಲ ಮುಳ್ಳಿರುವ ಚೆಂಡೊಂದನ್ನು ಬಿಡಿಸುತ್ತೇವೆ. ಕೋವಿಡ್ ಕಾಲದಲ್ಲಿ ನೋಡಿ ನೋಡಿ ಅದೇ ಮನಸ್ಸಿನಲ್ಲಿ ಉಳಿದಿದೆ. ಆದರೆ ಅದು ಜೀವಕೋಶದ ಹೊರಗಿರುವ ವೈರಸ್. ಕಾಯಿಲೆ ಶುರುವಾಗುವುದು ಅದು ಒಳಹೊಕ್ಕ ಮೇಲೆ. ಒಳಗೆ ಏನು ನಡೆಯುತ್ತದೆ ಎಂಬ ಚಿತ್ರವೂ ನಮ್ಮ ಬಯಾಲಜಿ ಲ್ಯಾಬಿನ ಗೋಡೆಯಲ್ಲಿ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಇದು ನಮ್ಮ ಜಿಲ್ಲೆಯದೇ ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಈಗ ಕೊಪ್ಪ, ಎನ್.ಆರ್.ಪುರ, ಶೃಂಗೇರಿ ಕಡೆಯಲ್ಲೂ ಕಾಣಿಸಿಕೊಳ್ಳುತ್ತಿದೆ. ಅದರ ವೈರಸ್ ಡೆಂಗಿಯ ಬಳಗದ್ದೇ. ಅಗಲ ಸುಮಾರು 50 ನ್ಯಾನೋಮೀಟರ್. ನಮ್ಮ ಲ್ಯಾಬಿನ ಮೈಕ್ರೋಸ್ಕೋಪಿನಲ್ಲಿ 200 ನ್ಯಾನೋಮೀಟರಿಗಿಂತ ಚಿಕ್ಕದು ಸ್ಪಷ್ಟವಾಗಿ ಕಾಣದು. ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು.

2009ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಜ್ಞಾನಿಗಳ ತಂಡ ಡೆಂಗಿ ತಗುಲಿದ ಜೀವಕೋಶಗಳನ್ನು ತೆಳುವಾಗಿ ಸೀಳಿ, ಓರೆ ಮಾಡುತ್ತಾ ಹಲವು ಕೋನಗಳಿಂದ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಜೋಡಿಸಿತು. ನಾವು ಎರಡು ಅಂಕಕ್ಕಾಗಿ ಬಾಯಿಪಾಠ ಮಾಡುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅಲ್ಲಿತ್ತು. ಅದರ ಪೊರೆಯನ್ನೇ ಒಳಕ್ಕೆ ಬಾಗಿಸಿ ವೈರಸ್ ಪುಟ್ಟ ಚೀಲಗಳನ್ನು ಮಾಡಿಕೊಂಡಿತ್ತು. ತನ್ನ ಆರ್‌ಎನ್‌ಎ ನಕಲು ಮಾಡಲು ಅದಕ್ಕೆ ಆ ಚೀಲಗಳೇ ಕೋಣೆ. ಚೀಲದ ಬಾಯಿಯ ಎದುರಿಗೇ ಹೊಸ ವೈರಸ್‌ಗಳು ಮೂಡುತ್ತಿದ್ದವು.

"ಚಿತ್ರ ನೋಡಿದರೆ ಜ್ವರ ಇಳಿಯುತ್ತದಾ?" ಎಂದು ಗೆಳೆಯ ನಕ್ಕ. ಇಳಿಯುವುದಿಲ್ಲ. ಆ ಚಿತ್ರದ ಜೀವಕೋಶ ಸತ್ತದ್ದು. ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಬೇರೆ ಪ್ರಯೋಗಗಳಿಂದಲೂ ತಿಳಿಯಬೇಕು. ಆದರೂ ಒಂದು ಮಾತು ಅದರಿಂದ ಅರ್ಥವಾಗುತ್ತದೆ. ಪೆನ್ಸಿಲಿನ್ ಒಡೆಯುವುದು ಬ್ಯಾಕ್ಟೀರಿಯಾದ ಗೋಡೆಯನ್ನು. ವೈರಸ್‌ಗೆ ಗೋಡೆಯೇ ಇಲ್ಲ. ಅದು ನಮ್ಮದೇ ಮನೆಯೊಳಗೆ, ನಮ್ಮದೇ ಸಾಮಾನಿನಿಂದ ಕೆಲಸ ನಡೆಸುತ್ತದೆ.

ಕಳೆದ ವರ್ಷ ಪಕ್ಕದ ತೋಟದ ಲೈನಿನಲ್ಲಿ ಜ್ವರ ಬಂದವರೊಬ್ಬರು ಹಿಂದೆ ಉಳಿದಿದ್ದ ಆಂಟಿಬಯೋಟಿಕ್ ನುಂಗಿ ಮೂರು ದಿನ ಮಲಗಿಯೇ ಇದ್ದರು. ಉಮ್ಮ ಗದರಿಸಿದ ಮೇಲೆ ಆಸ್ಪತ್ರೆಗೆ ಹೋದರು. ಸೈನ್ಸ್ ಓದುವ ನಾನು ಅಲ್ಲೇ ಇದ್ದೆ, ಏಕೆ ಬೇಡ ಎಂದು ಹೇಳಲು ನನಗೆ ಬರಲಿಲ್ಲ.

ಮಂಗನ ಕಾಯಿಲೆಗೆ ನೇರ ಔಷಧಿ ಇನ್ನೂ ಇಲ್ಲ. ಹಾಗಾಗಿ ತಿಳಿವಳಿಕೆಯೇ ದೊಡ್ಡದು. ಉಪನ್ಯಾಸಕರು ಆ ಚಿತ್ರವನ್ನು ಗೋಡೆಗೆ ಹಾಕಿಸಲಿ. ನಾವು ಅದನ್ನು ಮನೆಮಾತಿನಲ್ಲಿ ವಿವರಿಸೋಣ: ದರಗು ತರಲು ಕಾಡಿಗೆ ಹೋಗುವ ಮೊದಲು ಡೆಪಾ ತೈಲ ಹಚ್ಚಿ, ಬಂದ ಮೇಲೆ ಮೈಮೇಲೆ ಉಣುಗು ಇದೆಯೇ ನೋಡಿ, ಮಂಗ ಸತ್ತದ್ದು ಕಂಡರೆ ತಿಳಿಸಿ, ಜ್ವರ ಬಂದರೆ ಆಸ್ಪತ್ರೆಗೆ ಹೋಗಿ. ಕಲಿತದ್ದು ಲೈನ್ ಮನೆಯ ಬಾಗಿಲಿಗೂ ತಲುಪಲಿ.