ನೆರೆಯವನನ್ನೂ ಕೇಳಬೇಡವೇ?

ಮನೆಯ ಹಿಂಬದಿಗೆ ಮೂರಡಿ ಕೋಣೆಯನ್ನು ಚಾಚಬೇಕೆಂದರೆ ಅಮೆರಿಕದ ಸಣ್ಣ ಊರಿನ ಗೃಹಸ್ಥನು ಊರಿನ ಮಂಡಳಿಯೆದುರು ನಿಂತು ವಿನಾಯಿತಿ ಬೇಡಬೇಕಾಗುತ್ತದೆ. ವಸತಿಯ ವಲಯ ಯಾವುದು, ಎಲ್ಲೆಯಿಂದ ಎಷ್ಟು ಅಡಿ ಬಿಟ್ಟು ಕಟ್ಟಬೇಕು ಎಂಬ ಕಟ್ಟಳೆಗಳು ಅಲ್ಲಿ ಬಲವಾದುವು. ಓಹಾಯೊ ಸಂಸ್ಥಾನದ ಯೂಕ್ಲಿಡ್ ಎಂಬ ಊರಿನ ಇಂತಹ ಕಟ್ಟಳೆಯನ್ನು 68 ಎಕರೆಯ ಒಡೆಯನಾದ ಕಂಪೆನಿಯೊಂದು ಪ್ರಶ್ನಿಸಿದಾಗ, 1926ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಊರಿನ ಪರವಾಗಿಯೇ ತೀರ್ಪಿತ್ತಿತು. ಅದೇ ತೀರ್ಪಿನಲ್ಲಿ ಬಹುವಸತಿಯ ಕಟ್ಟಡಗಳನ್ನು ಪರೋಪಜೀವಿಗಳೆಂದು ಜರೆದಿರುವುದನ್ನು ಕೇಳಿ ಚಾಳಿನಲ್ಲಿ ವಾಸಿಸುವ ನಮ್ಮ ವಾಚಕರು ನಕ್ಕಾರು, ಇಲ್ಲವೇ ನೊಂದಾರು. ಅದಿರಲಿ.

ಕಟ್ಟಳೆಯ ಅಳತೆ ಒಂದೇ ಆದರೂ ನಿವೇಶನಗಳ ಅಳತೆ ಒಂದೇ ಅಲ್ಲ. ಆದುದರಿಂದ ಅದೇ ಕಾಲದಲ್ಲಿ ಅಲ್ಲಿಯ ಕೇಂದ್ರ ವಾಣಿಜ್ಯ ಇಲಾಖೆ ಪ್ರಕಟಿಸಿದ ಮಾದರಿ ಶಾಸನವು ಐವರ ಮಂಡಳಿಯೊಂದನ್ನು ಸೂಚಿಸಿತು. ವಿನಾಕಾರಣ ಸಂಕಷ್ಟಕ್ಕೆ ಸಿಕ್ಕಿದವನಿಗೆ ಅದು ವಿನಾಯಿತಿ ಕೊಡಬಹುದು. ಆದರೆ ಐವರಲ್ಲಿ ನಾಲ್ವರು ಒಪ್ಪಬೇಕು, ಸಭೆ ಬಹಿರಂಗವಾಗಿರಬೇಕು, ಸಂಬಂಧಪಟ್ಟವರಿಗೆ ಮುಂಚಿತವಾಗಿ ತಿಳಿವಳಿಕೆ ಹೋಗಬೇಕು.

ಮುಂಬಯಿಯಲ್ಲಿಯೂ ವಿನಾಯಿತಿಯುಂಟು. 1991ರ ನಿಯಮಾವಳಿಯ 64ನೆಯ ನಿಯಮವು, ಕಷ್ಟವು ಸ್ಪಷ್ಟವಾಗಿ ತೋರಿಬಂದಲ್ಲಿ ಅಳತೆಗಳನ್ನು ಸಡಿಲಿಸುವ ಅಧಿಕಾರವನ್ನು ನಗರಪಾಲಿಕೆಯ ಆಯುಕ್ತರಿಗೆ ಕೊಟ್ಟಿತ್ತು. 2018ರಲ್ಲಿ ಬಂದ ಹೊಸ ನಿಯಮಾವಳಿಯಲ್ಲಿಯೂ ಅದು ಉಳಿದಿದೆ. ಕಾರಣವನ್ನು ಬರೆದಿಡಬೇಕು, ನೆರೆಹೊರೆಯವರ ಆರೋಗ್ಯಕ್ಕೂ ಸುರಕ್ಷತೆಗೂ ಬಾಧೆ ತಟ್ಟಬಾರದು ಎಂಬ ಷರತ್ತೂ ಇದೆ. ಷರತ್ತು ಒಳ್ಳೆಯದೇ. ಆದರೆ ಬಾಧೆ ತಟ್ಟುವುದೋ ಇಲ್ಲವೋ ಎಂಬುದನ್ನು ನೆರೆಯವನನ್ನು ಕೇಳದೆ ಕಡತವನ್ನು ಕೇಳಿದರೆ ತಿಳಿದೀತೇ? ಬಿಡಬೇಕಾದ ತೆರವಿನ ಕೊರತೆಗೆ ಪ್ರೀಮಿಯಂ ಕಟ್ಟಿದರಾಯಿತು. ಆ ಹಣವು ಬೆಳಕು ಕಳೆದುಕೊಂಡವನ ಕೈಗೆ ಬರುವುದಿಲ್ಲ.

ಇದನ್ನು ಹೇಳಲು ನಮಗೆ ಸಂಕೋಚವೂ ಉಂಟು. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಾವೂ ಅಡಿಗೆಮನೆಯನ್ನು ಹಿಂದಿನ ಗಲ್ಲಿಯ ಕಡೆಗೆ ಚಾಚಿದೆವು. ಅನುಮತಿ ದೊರೆತಿತ್ತು, ಹಣವನ್ನೂ ಕಟ್ಟಿದ್ದೆವು. ಗೋಡೆ ಎದ್ದ ಮೇಲೆ ಮಗ್ಗುಲ ಚಾಳಿನ ಗುಮಾಸ್ತರೊಬ್ಬರು ಬಂದು, "ಏನು ರಾಯರೇ, ಹಗಲು ಹೊತ್ತಿನಲ್ಲೂ ದೀಪ ಹಚ್ಚುವಂತಾಯಿತಲ್ಲ" ಎಂದರು. ಕಾಫಿ ಕೊಟ್ಟು ಕಳುಹಿಸಿದೆವು. ಉತ್ತರ ಕೊಡಲಿಲ್ಲ.

ಅಮೆರಿಕದ ಪದ್ಧತಿಯನ್ನು ಹಾಗೆಯೇ ತಂದರೆ ಅಪಾಯವೂ ಇದೆ. ಹತ್ತು ಮಂದಿ ಮಾಣಿಗಳು ಒಂದು ಕೋಣೆ ಹಿಡಿದರೆ "ಇಂಥವರು ನಮ್ಮ ಬೀದಿಗೆ ಬೇಡ" ಎನ್ನುವ ನೆರೆಯವರು ಎಲ್ಲಿಲ್ಲ? ಆದಕಾರಣ ಆಕ್ಷೇಪವು ಗಾಳಿ, ಬೆಳಕು, ಬೆಂಕಿಯ ಭಯ ಇವಿಷ್ಟಕ್ಕೆ ಸೀಮಿತವಾಗಿರಬೇಕು. ವಾಸಿಸುವವರ ಜಾತಿ, ಭಾಷೆ, ಸಂಬಳಗಳ ವಿಚಾರಣೆ ಸಲ್ಲದು. ಮಾಲಿಕನಿಗಲ್ಲದೆ ಬಾಡಿಗೆದಾರನಿಗೂ ತಿಳಿವಳಿಕೆ ಮುಟ್ಟಬೇಕು.

1966ರ ಮಹಾರಾಷ್ಟ್ರದ ನಗರ ಯೋಜನಾ ಕಾಯಿದೆಯ 37ನೆಯ ಕಲಮಿನಂತೆ, ಯೋಜನೆಯನ್ನು ತಿದ್ದುವಾಗ ಸಾರ್ವಜನಿಕರ ಆಕ್ಷೇಪ, ಸಲಹೆಗಳನ್ನು ಕರೆಯಬೇಕು. ಅಂತಹ ಪ್ರಕಟಣೆ ಬಂದಾಗ ಕಚೇರಿಯ ಅರ್ಜಿಗಳಲ್ಲಿ ಕೈ ಪಳಗಿದ ನಮ್ಮ ಗುಮಾಸ್ತ ಬಂಧುಗಳು ಈ ಬೇಡಿಕೆಯನ್ನು ಮರಾಠಿಯಲ್ಲಿ ಬರೆದು ಕಳುಹಿಸಲಿ. ಮೊದಲನೆಯ ರುಜು ನಮ್ಮದಿರುತ್ತದೆ.